ಬಾಯಿಗೆ ಮಣ್ಣು

ಸ್ಟೋಕ್‌ನ ಆಸ್ಪತ್ರೆಯಲ್ಲಿ ಉಸಿರು ಅಳೆಯುವುದು ನನ್ನ ಕೆಲಸ.
ಮೂಗಿಗೆ ಕ್ಲಿಪ್ಪು, ಬಾಯಿಗೆ ನಳಿಗೆ,
ಊದಿ, ಊದಿ, ಇನ್ನೂ ಜೋರು, ಬಿಡಬೇಡಿ ಬಿಡಬೇಡಿ,
ಸೂಲಗಿತ್ತಿಯ ಹಾಗೆ ಕೂಗುತ್ತೇನೆ.
ಹುಟ್ಟುವುದು ಒಂದು ಅಂಕಿ.

ಕ್ಲೆಮ್ ಬೂಲ್ಟನ್‌ರದು ನಲವತ್ತೊಂದು.
ಲಾಂಗ್ಟನ್ನಿನ ಪಿಂಗಾಣಿ ಕಾರ್ಖಾನೆಯಲ್ಲಿ
ಇಪ್ಪತ್ತೆಂಟು ವರ್ಷ ಬಟ್ಟಲಿನ ಅಂಚು ಉಜ್ಜಿದ ಧೂಳು
ಎದೆಯೊಳಗೆ ಇನ್ನೂ ಪಾಳಿ ಮುಗಿಸಿಲ್ಲ.
‘ಗುರುವಾರ ಸಂಜೆ ಬಾ ಡಕ್, ನನ್ನ ಇನ್ನೊಂದು ಉಸಿರೂ ನೋಡು.’
ಈ ಊರಲ್ಲಿ ಎಲ್ಲರಿಗೂ ಎಲ್ಲರೂ ಬಾತುಕೋಳಿ.

ಮೆಥಡಿಸ್ಟರ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆ,
ಕೆಟ್ಟುಹೋದ ಹೀಟರು,
ಎಂಟು ಜನ, ಎಂಟೂ ಜನರ ಕೈ ಕಂಕುಳಲ್ಲಿ.
ಚಳಿಗೆ ಅಂದುಕೊಂಡೆ. ಅಲ್ಲ,
ವಾದ್ಯ ಬೆಚ್ಚಗಾಗಬೇಕಂತೆ,
ತಣ್ಣಗಿದ್ದರೆ ಶ್ರುತಿ ಇಳಿಯುತ್ತದೆ.
ಒಕರಿನಾ. ಇಟಲಿಯವರ ಬಾಯಲ್ಲಿ ಹೆಬ್ಬಾತಿನ ಮರಿ.
ಅದಕ್ಕೇ ಇರಬೇಕು ಈ ಕಾವು ಕೂರುವುದು.

ಮಾಡಿದವಳು ಎನಿಡ್ ಕೋಲ್‌ಕ್ಲಫ್.
ಲಕ್ಷ ಕಪ್ಪಿಗೆ ಕಿವಿ ಅಂಟಿಸಿದವಳು
ಎಪ್ಪತ್ತರಲ್ಲಿ ಮಣ್ಣಿಗೆ ಬಾಯಿ ಕೊರೆಯುತ್ತಾಳೆ.
ಸುಟ್ಟರೆ ಕುಗ್ಗುತ್ತದೆ, ಕುಗ್ಗಿದರೆ ಸ್ವರ ಏರುತ್ತದೆ,
ಎಷ್ಟೆಂದು ಒಲೆಗೂ ಗೊತ್ತಿಲ್ಲ.
ಹತ್ತರಲ್ಲಿ ಮೂರು ಹಾಡುತ್ತವೆ.
ಉಳಿದವು ಅವಳ ಹಿತ್ತಲ ಗೋಡೆಯ ಮೇಲೆ;
ನಮ್ಮ ಕುಂಬಾರ ಹುಳದ ದಾಯಾದಿ ಜೇನೊಂದು
ತೂತುಗಳಿಗೆ ಮಣ್ಣು ಮೆತ್ತಿ ಸಂಸಾರ ಹೂಡಿದೆ.

ಹದಿಮೂರರ ಮಹ್ನೂರ್ ಇದನ್ನು ಮೊದಲು ಕಂಡದ್ದು
ಅಣ್ಣನ ವಿಡಿಯೋ ಗೇಮಿನಲ್ಲಿ.
ಅಲ್ಲಿ ಊದಿದರೆ ಬಾಗಿಲು ತೆರೆಯುತ್ತಿತ್ತು,
ಇಲ್ಲಿ ಎನಿಡ್ ಹುಬ್ಬೇರಿಸುತ್ತಾಳೆ, ಅಷ್ಟೇ.
ಆದರೂ ಮೇಲಿನ ಸ್ವರವೆಲ್ಲ ಅವಳ ಪಾಲಿಗೇ.
ಆಚೆ ಬಸ್ ಡ್ರೈವರ್ ಲೀಸೆಕ್,
ಕುಂಬಳಕಾಯಿಯಷ್ಟು ದೊಡ್ಡದನ್ನು ಮಡಿಲಲ್ಲಿಟ್ಟುಕೊಂಡು
ಗೂಬೆಗೆ ಉತ್ತರ ಕೊಡುವ ಹಾಗೆ ಒಂದೊಂದೇ ಗುಟುರು.

‘ಮೆಲ್ಲಗೆ’ ಅಂದಳು ಎನಿಡ್.
ಜೋರು ಊದಿದರೆ ಸ್ವರ ಹಾರಿಬೀಳುತ್ತದೆ,
ತಗ್ಗಿನದಕ್ಕೆ ಕನ್ನಡಿ ಮಸುಕಾಗುವಷ್ಟು ಉಸಿರು ಸಾಕು.
ಹಗಲೆಲ್ಲ ಜೋರು ಜೋರು ಎಂದ ನಾನು
ಕುರ್ಚಿಯ ತುದಿಗೆ ಸರಿದೆ.

ನಡುವೆ ಬಿಡುವಿನಲ್ಲಿ ಕ್ಲೆಮ್
ಕಾರ್ಖಾನೆಗೆ ಬೀಗ ಬಿದ್ದ ಬೆಳಗಿನ ಕತೆ ಹೇಳಿದರು.
ಗೇಟಿನ ಹೊರಗೆ ನೂರಾರು ಜನ, ಕೈಯಲ್ಲಿ ಊಟದ ಡಬ್ಬಿ.
ನನ್ನ ನಾಲಿಗೆಗೆ ನಮ್ಮ ಮಾತೇ ಬಂತು:
ಅಯ್ಯೋ, ಬಾಯಿಗೆ ಮಣ್ಣು ಬಿತ್ತಲ್ಲ.
ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದೆ,
ಅಷ್ಟರಲ್ಲಿ ಎಂಟು ಜನ
ಮಣ್ಣನ್ನು ಬಾಯಿಗೆ ಎತ್ತಿಕೊಂಡರು.

ಯಾವ ಧಾಟಿಯೋ ತಿಳಿಯದು.
ಕೊನೆಯ ಸ್ವರ ಕ್ಲೆಮ್ ಒಬ್ಬರದೇ, ತಗ್ಗಿನದು.
ಚಾಳಿಗೆ ಗಡಿಯಾರ ನೋಡಿದೆ.
ಹನ್ನೊಂದು ಸೆಕೆಂಡು.
ಇದನ್ನು ಬರೆಯಲು ಅವರ ಫೈಲಿನಲ್ಲಿ ಜಾಗವಿಲ್ಲ.

ಚಹಾ ಬಂತು, ಕಾಗದದ ಲೋಟದಲ್ಲಿ.
ಎನಿಡ್ ತನ್ನದನ್ನು ತಲೆಯ ಮೇಲೆತ್ತಿ
ತಳ ನೋಡಿದಳು,
ಮಾಡಿದ್ದು ಯಾರೆಂದು.