ಕೋಟಿಲ್ಲದ ಆರು

ನಾರಿನ್ ಊರಂಚಿನ ಈ ಕೋಣೆಯಲ್ಲಿ
ಬೆಚ್ಚಗಿರುವುದು ಎರಡೇ:
ಸೂಕ್ಷ್ಮದರ್ಶಕದ ಕೆಳಗಿನ ಗಾಜಿನ ತಟ್ಟೆ,
ನನ್ನ ಚಹಾ ಬಟ್ಟಲು.
ಉಳಿದುದೆಲ್ಲ ನವೆಂಬರು.

ಸೋಮವಾರ ತೊಕ್ತೊಸುನ್‌ನ ಟಗರು ಬಂದಿತ್ತು,
ಲಾರಿಯಿಂದ ತಾನೇ ಧುಮುಕಿ
ಗೇಟಿಗೊಂದು ಗುದ್ದು ಕೊಟ್ಟು.
ಎಡಗೊಂಬು ಅರ್ಧ ಮುರಿದದ್ದು.
ಹೆಸರು ಚೋಯುನ್, ಅಂದರೆ ಬೀಡುಕಬ್ಬಿಣ.

ಚಮಚೆ ತುಂಬದ ಅದರ ಬಿಳಿಯನ್ನು
ಹಾಲಿನ ದ್ರಾವಣಕ್ಕೆ ಬೆರೆಸಿ
ಹನ್ನೆರಡು ಟ್ಯೂಬಿಗೆ ಹಂಚಿದೆ.
ಆರಕ್ಕೆ ಪ್ರೋಟೀನು ಹಾಕಿದೆ.
ಆರಕ್ಕೆ ಇಲ್ಲ.
ಹಾಗೆಯೇ ಮಾಡಬೇಕು, ಹೋಲಿಸದೆ ತಿಳಿಯುವುದು ಹೇಗೆ?
ಬಿಷ್ಕೆಕ್‌ನಿಂದ ಬಂದ ಕಾಗದದಲ್ಲೂ ಹಾಗೇ ಇತ್ತು.

ಅದೇನದು ಹಾಕುವುದು, ಎಂದು ಕೇಳಿದ ತೊಕ್ತೊಸುನ್.
ಹೇಳಿದೆ: ಐದು ಡಿಗ್ರಿಗೆ ಇಳಿಸಿದರೆ
ವೀರ್ಯಾಣುವಿನ ಪೊರೆ
ಹೆರೆತ ಕೊಬ್ಬಿನ ಹಾಗೆ ಬಿರುಸಾಗುತ್ತದೆ,
ಬಿರುಸಾದದ್ದು ಸೀಳುತ್ತದೆ, ಸೀಳಿದ್ದು ಸೋರುತ್ತದೆ.
ಬೇರೆ ಟಗರುಗಳ ರಸದಿಂದ ಸೋಸಿ ತೆಗೆದ ಇದು
ಆ ಪೊರೆಗೆ ಹೋಗಿ ಅಂಟಿ ಕೂರುತ್ತದೆ.
"ಗುರುತಿಲ್ಲದ ಟಗರುಗಳೇ?"
"ಗುರುತಿಲ್ಲದವೇ."
ಅವನಿಗೆ ನಗು ತಡೆಯಲಾಗಲಿಲ್ಲ.
"ಇನ್ನೊಂದು ಟಗರಿನ ವಾಸನೆ ಬಂದರೆ ಸಾಕು,
ನಮ್ಮವನು ತಲೆ ಒಡೆಯಲು ಹೊರಡುತ್ತಾನೆ!"

ಬುಧವಾರ ರಾತ್ರಿ, ಹೊಳೆ ದಾಟುವಾಗ
ಮಂಜುಗಡ್ಡೆ ಬಿರಿಯಿತಂತೆ.
ಹಿಂಡೆಲ್ಲ ದಾಟಿತ್ತು. ಅದು ಕೊನೆಯದು.

ಗುರುವಾರ ಬಾಗಿಲಲ್ಲಿ ನಿಂತಿದ್ದ,
ಟೋಪಿ ಕೈಯಲ್ಲಿ, ಗಡ್ಡದ ತುಂಬ ಹಿಮ.
"ಇಲ್ಲಿದೆಯಲ್ಲ ಅವನದು?
ಹನ್ನೆರಡು ಅಂದಿದ್ದೆ ನೀನು."

ಎಪ್ಪತ್ತೆರಡು ಗಂಟೆ ಆಗಿತ್ತು. ಅಳೆಯುವ ಹೊತ್ತೂ ಅದೇ.
ಮೊದಲ ಸಾಲಿನಿಂದೊಂದು ಹನಿ.
ಅಲೆಯಿತ್ತು. ದಣಿದ ಅಲೆ, ಆದರೂ ಅಲೆ,
ಸಂಜೆ ದೊಡ್ಡಿಯ ಬಾಗಿಲಿಗೆ ನುಗ್ಗುವ ಹಿಂಡಿನಂತೆ
ಒಂದರ ಮೇಲೊಂದು.
ನೂರಕ್ಕೆ ಐವತ್ತೆಂಟು, ಬರೆದುಕೊಂಡೆ.

ಎರಡನೆಯ ಸಾಲು.
ಇದ್ದಲ್ಲೇ ನಡುಗುವವು ಕೆಲವು,
ಬಾಲ ಸುತ್ತಿಕೊಂಡು ತಮ್ಮ ಸುತ್ತಲೇ ತಿರುಗುವವು ಕೆಲವು.
ಉಳಿದವು ಸುಮ್ಮನೆ
ದ್ರಾವಣ ಹರಿದತ್ತ ಹೋಗುತ್ತಿದ್ದವು.
ನೂರಕ್ಕೆ ಒಂಬತ್ತು.

ಇಷ್ಟು ಚೊಕ್ಕ ಅಂತರ
ಹತ್ತೊಂಬತ್ತು ವರ್ಷದಲ್ಲಿ ನನಗೆ ಸಿಕ್ಕಿರಲಿಲ್ಲ.
ನಾಚಿಕೆಯ ಮಾತು: ಮೊದಲು ಖುಷಿಯಾಯಿತು.
ಆಮೇಲೆ ಬೆನ್ನ ಹಿಂದೆ
ಅವನ ಬೂಟಿನ ಹಿಮ ಕರಗಿ ನೆಲಕ್ಕಿಳಿಯುವ ಸದ್ದು ಕೇಳಿತು.

ಹೇಳಿದೆ. ಎಲ್ಲವನ್ನೂ.
"ಆರಕ್ಕೆ ಕೋಟು ತೊಡಿಸಿದೆ," ಎಂದ,
"ಆರನ್ನು ಬರಿಮೈಯಲ್ಲಿ ಹೊರಗೆ ನಿಲ್ಲಿಸಿದೆ."
ಅದು ಪ್ರಶ್ನೆಯಲ್ಲ.
ಕಾರಣ ನಾಲಿಗೆಯ ತುದಿಯಲ್ಲೇ ಇತ್ತು,
ಸರಿಯಾದ ಕಾರಣವೇ.
ಆಡಲಿಲ್ಲ.

ಅವನು ನೋಡಬೇಕೆಂದದ್ದು
ಬದುಕಿದ ಸಾಲನ್ನಲ್ಲ, ಎರಡನೆಯದನ್ನೇ.
ಒಂದು ಕಣ್ಣು ಮುಚ್ಚಿ, ಬಂದೂಕಿನ ಗುರಿ ನೋಡುವವನಂತೆ
ಬಹಳ ಹೊತ್ತು ಬಾಗಿದ್ದ.
ನನ್ನ ಚಹಾ ಆರಿತು.
"ಝಿಪಾರ್, ಇಲ್ಲೊಂದು ನೇರ ಹೋಗುತ್ತಿದೆ."

ನೋಡಿದೆ. ಹೌದು.
ಯಾರ ಪ್ರೋಟೀನೂ ಮೈಗಂಟದೆ,
ಸತ್ತವುಗಳ ನಡುವೆ ತೂರಿ,
ಮೂಲೆಯಿಂದ ಮೂಲೆಗೆ
ಯಾವ ಹಟಕ್ಕೋ.
ನೂರಕ್ಕೆ ಒಂಬತ್ತು ಎಂದು ನಾನೇ ಬರೆದಿದ್ದೆ,
ಅದರೊಳಗೆ ಇದೂ ಇತ್ತು, ನಾನು ಕಂಡಿರಲಿಲ್ಲ.

ಮೊದಲ ಸಾಲಿನಿಂದ ಆರು ಕುರಿಗಳಿಗೆ ಹಾಕಿದೆ,
ಅವುಗಳ ಕಿವಿಯೋಲೆಯ ಸಂಖ್ಯೆ ಸಮೇತ ದಾಖಲೆ.
ಏಳನೆಯ ಕುರಿಯನ್ನು ಅವನೇ ಎಳೆದು ತಂದ,
ಮುದಿ ಕುರಿ, ಒಂದು ಕಣ್ಣು ಮಂಜು.
"ಇದಕ್ಕೆ ಅದನ್ನು ಹಾಕು."
ಪ್ರಯೋಜನವಿಲ್ಲ, ಎಂದೆ.
"ಗೊತ್ತು," ಎಂದು ಅದರ ತಲೆಯನ್ನು
ತನ್ನ ಮೊಣಕಾಲ ನಡುವೆ ಹಿಡಿದ.

ಏಪ್ರಿಲ್‌ಗೆ ಇನ್ನೂ ದೂರವಿದೆ.
ವರದಿ ಬಿಷ್ಕೆಕ್‌ಗೆ ಹೋಯಿತು.
ಅದರಲ್ಲಿ ಆರು ಕುರಿಗಳಿವೆ.