ಆಲ್ಟರ್

ಕೌಲ್ ಬಜಾರಿನ ಒಳಗಲ್ಲಿ, ಜೀನ್ಸ್ ಯೂನಿಟ್ಟಿನ ಮೇಲಟ್ಟ.
ಏಳೂವರೆಗೆ ಕೆಳಗೆ ಮೋಟಾರು ನಿಂತರೆ
ನೆಲದ ನಡುಕ ನಿಲ್ಲುತ್ತದೆ. ನಮ್ಮ ಶಾಲೆಯ ಗಂಟೆ ಅದೇ.
ಅದಕ್ಕೂ ಮೊದಲು ಬರೆದ ಅಕ್ಷರವೆಲ್ಲ
ಚಳಿಜ್ವರ ಬಂದವರ ಕೈಬರಹ.

ಹಲಗೆಗೆ ದುಡ್ಡು ಬರಲಿಲ್ಲ.
ರಿಜೆಕ್ಟಾದ ಎರಡು ಮೀಟರು ಡೆನಿಮ್ ಗೋಡೆಗೆ ಬಡಿದು
ಟೈಲರ್ ಚಾಕಿನಲ್ಲಿ ಬರೆಯುತ್ತೇನೆ.
ಒರೆಸಿದರೆ ಪೂರ್ತಿ ಹೋಗುವುದಿಲ್ಲ;
ಇವತ್ತಿನ ಭಿನ್ನರಾಶಿಯ ಹಿಂದೆ
ಮೊನ್ನೆಯ ಸಂಧಿ ಇಣುಕುತ್ತಿರುತ್ತದೆ.

ಹಾಜರಿಯಲ್ಲಿ ಹನ್ನೊಂದು, ಬರುವವರು ಏಳು.
ಎಲ್ಲರ ಉಗುರಿನ ಸಂದಿಯಲ್ಲೂ ನೀಲಿ.
ತಿರುವಿದ ಪುಟದ ಮೂಲೆಗೆಲ್ಲ ಹೆಬ್ಬೆಟ್ಟು ಬಿದ್ದಿದೆ.
ಇಲ್ಲಿ ಹೆಬ್ಬೆಟ್ಟು ಇದ್ದರೆ
ಓದಿದ್ದಾರೆ ಅಂತ ಅರ್ಥ.

ಇಲಾಖೆಯ ಫಾರಮ್ಮಿನಲ್ಲೊಂದು ಕಾಲಂ:
'ಶಾಲೆ ಬಿಡಲು ಕಾರಣ'. ಒಂದೂವರೆ ಇಂಚು ಜಾಗ.
ಗಾದಿಲಿಂಗ ಬರೆಸಿದ: 'ಚಪ್ಲಿ.'
ಯಾವ ಚಪ್ಪಲಿ, ಯಾರದ್ದು, ಯಾರು ಏನಂದರು?
ಗುಂಡಿ ಡಬ್ಬಿಯ ಕಡೆ ನೋಡುತ್ತ ಕೂತ.
ಮಾರೆಕ್ಕ ಹೇಳಿದ್ದಕ್ಕೆ ಆ ಇಂಚು ಸಾಲಲಿಲ್ಲ:
ಅಕ್ಕನ ಬಾಣಂತನ, ನಲವತ್ತು ದಿನ,
ತಿರುಗಿ ಹೋದಾಗ ಬೆಂಚಿನಲ್ಲಿ
ಅವಳಷ್ಟಗಲದ ಜಾಗ ಮುಚ್ಚಿಹೋಗಿತ್ತಂತೆ.
ಯಾರೂ ತಳ್ಳಲಿಲ್ಲ. ಯಾರೂ ಸರಿಯಲೂ ಇಲ್ಲ.
ನಾನು 'ಇತರೆ' ಅಂತ ಬರೆದೆ.

ಶೇಕ್ಷಾವಲಿಗೆ ಓದು ಹತ್ತುವುದಿಲ್ಲ ಅಂತ
ಮೂರು ಶಾಲೆಗಳು ಒಂದೇ ಬಾಯಲ್ಲಿ ಹೇಳಿದ್ದವು.
ಒಂದು ಸಂಜೆ ನಾನು ಪಾಠ ನೋಡಿಕೊಳ್ಳುತ್ತಿದ್ದೆ.
ಎದುರಿಗೆ ಕೂತು ಗುಂಡಿ ಎಣಿಸುತ್ತಲೇ ಅವನು
'ಮೋಡಗಳು ಹೇಗೆ ಉಂಟಾಗುತ್ತವೆ' ಅಂದ.
ನನ್ನ ತೊಡೆಯ ಮೇಲಿನ ಪುಟದ ತಲೆಬರಹ.
ತಡವರಿಸಲಿಲ್ಲ.

ಟೀ ಹೊತ್ತಿಗೆ ಅವನಪ್ಪ ಮಿಷನ್ನಿನ ಮೇಲೆ ಪೇಪರು ಹರವಿ
ಬೆರಳಿಟ್ಟು ಹಾಲಿಗೆಲ್ಲ ಕೇಳುವಂತೆ ಓದುತ್ತಿದ್ದನಂತೆ.
ಆಚೆ ಬದಿ ದಾರ ಕತ್ತರಿಸುತ್ತಿದ್ದ ಹುಡುಗನಿಗೆ
ಕನ್ನಡ ಬಂದದ್ದೇ ತಲೆಕೆಳಗಾಗಿ.

ಪುಸ್ತಕ ತಿರುಗಿಸಿ ಕೊಟ್ಟೆ.
ಆಮೇಲೆ ವಾರಕ್ಕೆ ಎರಡು ಬೆರಳಷ್ಟು ಹೊರಳಿಸುತ್ತ ಬಂದೆ.
ಸಂಕ್ರಾಂತಿಗೆ ಅಡ್ಡಕ್ಕೆ ಬಂದಿತ್ತು.
ಉಳಿದವರು ಕತ್ತು ಓರೆ ಮಾಡಿ ಅವನ ಜೊತೆ ಓದಿ,
ನೋವಾಗಿ, ನಕ್ಕು, ಮತ್ತೆ ಓದಿದರು.

ಕೆಳಗೆ ಒಂದು ಬುಟ್ಟಿಯಿದೆ, ಆಲ್ಟರ್ ಬುಟ್ಟಿ.
ಜೇಬು ಓರೆಯಾದದ್ದು, ಜಿಪ್ಪು ಉಲ್ಟಾ ಕೂತದ್ದು ಅದಕ್ಕೆ ಬೀಳುತ್ತವೆ.
ಎಂಟು ವರ್ಷ ನನ್ನ ಕೆಲಸ ಅದೇ: ಬಿಚ್ಚುವುದು.
ಹೊಲಿಯುವುದಕ್ಕಿಂತ ನಿಧಾನ, ಕೂಲಿ ಅರ್ಧ.
ಎಳೆಯಬಾರದು. ಒಂದೊಂದೇ ಟಾಕ ಕತ್ತರಿಸಬೇಕು,
ತಪ್ಪು ಬಟ್ಟೆಯದಲ್ಲವಲ್ಲ.
ಮತ್ತೆ ಹೊಲಿದ ಮೇಲೂ ಹಳೇ ತೂತು ಉಳಿಯುತ್ತವೆ,
ಬೆಳಕಿಗೆ ಹಿಡಿದರೆ ಸಾಲಾಗಿ ಕಾಣುತ್ತವೆ.
ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ಇಪ್ಪತ್ತೇಳಕ್ಕೆ.

ಪರೀಕ್ಷೆಯ ವಾರವೇ ರಂಜಾನಿನ ಆರ್ಡರು ಬಂತು,
ಪೀಸಿಗೆ ಒಂದು ರೂಪಾಯಿ ಜಾಸ್ತಿ.
ಮಾರೆಕ್ಕ ಬರಲಿಲ್ಲ.
ಅವಳ ಹಾಲ್ ಟಿಕೆಟ್ಟು ನನ್ನ ಚೀಲದಲ್ಲೇ ಇದೆ,
ಫೋಟೋದಲ್ಲಿ ನಗು ಬಾರದಂತೆ ಬಿಗಿ ಹಿಡಿದ ತುಟಿ.
ಕೆಳಗಿಳಿದು ಕರೆಯಲು ಹೋದೆ.
ಮಿಷನ್ನಿನಿಂದ ತಲೆ ಎತ್ತದೆ
'ಜೂನ್‌ದಾಗ ಇನ್ನೊಂದ್ಸಲ ಐತಲ್ಲ ಮೇಡಂ' ಅಂದಳು.
ಐತೆ. ಅಂದೆ. ನಿಂತೆ. ಬಂದೆ.

ಗಾದಿಲಿಂಗ ಹೊಸ ಚಪ್ಪಲಿಯನ್ನು ಹೊರಗೆ ಬಿಡದೆ
ಪರೀಕ್ಷೆಯ ಕೋಣೆಗೆ ಮೆಟ್ಟಿಕೊಂಡೇ ನಡೆದ.

ಶೇಕ್ಷಾವಲಿಯನ್ನು ಗೇಟಿನ ಹತ್ತಿರ ಕಾದೆ.
'ಪೇಪರ್ ತಿರುವಿ ಇಟ್ಕಂಡಿದ್ದೆ.
ಸರ್ ಬಂದು ನೆಟ್ಟಗೆ ಮಾಡಿಟ್ರು.'
'ಆಮೇಲೆ?'

'ಅವ್ರು ಮುಂದಿನ ಬೆಂಚಿಗೆ ಹೋಗೋಗಂಟ
ಸುಮ್ಕೆ ಕುಂತಿದ್ದೆ.'