ಬೆಲೆ ಕಟ್ಟುವ ಮೇಜು

ಶೆಫೀಲ್ಡಿನಲ್ಲಿ ಮಂಗಳವಾರ ಪುಕ್ಕಟೆ ಬೆಲೆ ಕಟ್ಟುತ್ತೇವೆ.
ಹರಾಜು ಮನೆಯ ಹಿಂಬದಿಯ ಕೋಣೆ,
ನನ್ನ ಮೇಜು, ದೀಪ, ತಕ್ಕಡಿ, ಭೂತಗನ್ನಡಿ.
ಟೋಕನ್ ಹದಿನೇಳು: ಮಿಸೆಸ್ ಎನಿಡ್ ಸ್ಟ್ಯಾನಿಫೋರ್ತ್,
ಎಂಬತ್ತೊಂದು ವರ್ಷ, ನೆಂದ ಕೋಟು,
ಕೈಯಲ್ಲಿ ಬಿಸ್ಕತ್ತಿನ ಡಬ್ಬಿ.

ಒಳಗೆ ಆರು ಮೀನುಚಾಕು, ಆರು ಮುಳ್ಳುಚಮಚ.
ಹಿಡಿಗಳಿಗೆ ಹಳೆಯ ಬೆಣ್ಣೆಯ ಬಣ್ಣ.
"ನಮ್ಮ ಮಾವ ಕೊಯ್ದದ್ದು," ಅಂದರು.
"ಆರ್ಥರ್. ಹದಿಮೂರಕ್ಕೇ ಗರಗಸ ಹಿಡಿದವರು.
ದಂತ ಕೊಯ್ಯುವಾಗ
ಹಲ್ಲಿನ ಡಾಕ್ಟರ ಕೋಣೆಯ ವಾಸನೆಯಂತೆ.
ಪುಡಿಯನ್ನು ಚೀಲದಲ್ಲಿ ತಂದು
ಹಿತ್ತಲ ರುಬಾರ್ಬಿನ ಬುಡಕ್ಕೆ ಸುರಿಯುತ್ತಿದ್ದರು.
ಇಡೀ ಬೀದಿಗೆ ನಮ್ಮದೇ ದೊಡ್ಡ ಎಲೆ."

ಹಿಡಿಯ ತುದಿಯನ್ನು ದೀಪಕ್ಕೆ ಒಡ್ಡಿದೆ.
ಗೆರೆಯ ಮೇಲೆ ಗೆರೆ ಹಾಯ್ದು ಹೆಣೆದ ಬಲೆ.
ಮೂಳೆಗೆ ಇದು ಇರುವುದಿಲ್ಲ, ಪ್ಲಾಸ್ಟಿಕ್ಕಿಗೆ ಬರುವುದಿಲ್ಲ.
ಯಾವುದೋ ಹೊಳೆಯ ಮಗ್ಗುಲಲ್ಲಿ
ನಿಧಾನಕ್ಕೆ ಬೆಳೆಯುತ್ತಿದ್ದ ಲೆಕ್ಕ.
ಲೆಕ್ಕ ನಿಂತ ದಿನವನ್ನು ಅಲ್ಲಿ ಬರೆದಿಲ್ಲ.

"ಮಾರುವ ಹಾಗಿಲ್ಲ," ಅಂದೆ.
ಇಟ್ಟುಕೊಳ್ಳಬಹುದು, ಮೊಮ್ಮಗಳಿಗೆ ಕೊಡಬಹುದು,
ಉಯಿಲಿನಲ್ಲಿ ಬರೆಯಬಹುದು.
ಒಂದೇ ಒಂದು ಪೌಂಡು ಪಡೆಯುವಂತಿಲ್ಲ.

ಅವರು ಸಿಟ್ಟಾಗಲಿಲ್ಲ. ಲೆಕ್ಕ ಕೇಳಿದರು.
"ಆನೆ ಸತ್ತು ನೂರು ವರ್ಷ.
ಈಗ ನಾನು ಮಾರಿದರೆ ಅದು ಇನ್ನೊಮ್ಮೆ ಸಾಯುತ್ತದೆಯೆ?
ಬಾಯ್ಲರ್ ಕೆಟ್ಟಿದೆ, ಮಗಳೆ."

ಅದು ಸಾಯುವುದಿಲ್ಲ, ಇನ್ನೊಂದು ಸಾಯುತ್ತದೆ
ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ.
ಹಳೆಯದಕ್ಕೆ ಬೆಲೆಯಿದ್ದಲ್ಲಿ
ಹೊಸದು ಹಳೆಯದಾಗಲು ಒಂದು ಸಂಜೆ ಸಾಕು,
ಒಂದು ಬಟ್ಟಲು ಕಡುಚಹಾ ಸಾಕು.
ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ
ನನಗೇ ಗೋಡೆಗಂಟಿಸಿದ ನೋಟೀಸಿನಂತೆ ಕೇಳಿಸಿತು.

ಗಾದೆಯೊಂದು ನಾಲಿಗೆಯ ತುದಿಗೆ ಬಂದಿತ್ತು:
ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ.
ಚಿಕ್ಕಂದಿನಲ್ಲಿ ಅದನ್ನು ಹೊಗಳಿಕೆ ಅಂದುಕೊಂಡಿದ್ದೆ.
ಎರಡು ಸಾವಿರಗಳ ನಡುವಿನ ಸಂದಿಯಲ್ಲಿ
ಬಂದೂಕು ಹಿಡಿದು ಕೂತವನು ಕಂಡಿರಲಿಲ್ಲ.
ಇಂಗ್ಲಿಷಿಗೆ ತಿರುಗಿಸಲು ಹೋಗಿ ಸುಮ್ಮನಾದೆ.

ಇನ್ನೊಂದು ಮಾತನ್ನೂ ನುಂಗಿದೆ.
ಹಿಲ್ಸ್‌ಬರೋದ ನನ್ನ ಫ್ಲಾಟಿನಲ್ಲಿ
ಅಜ್ಜಿಯ ಕುಂಕುಮದ ಕರಡಿಗೆಯಿದೆ, ದಂತದ್ದು.
ಬಂದ ವರ್ಷ ಉಣ್ಣೆಯ ಕಾಲುಚೀಲದೊಳಗೆ ತುರುಕಿ ತಂದದ್ದು.
ತೋರಿಸುವುದೇನಾದರೂ ಇದೆಯೇ ಎಂದು ಕೇಳುವ ಫಲಕದ ಕೆಳಗೆ
ಹಸಿರು ದಾರಿ ಹಿಡಿದು ನಡೆದುಬಿಟ್ಟಿದ್ದೆ,
ತುಸು ಬೇಗ ಬೇಗ.
ನಾನದನ್ನು ಮಾರುವುದಿಲ್ಲ. ಅಷ್ಟು ಪುಣ್ಯ ಸಾಕೆ?
ಅಜ್ಜಿ ಕೊಂಡದ್ದಲ್ಲ, ಯಾರೋ ಕೊಟ್ಟದ್ದು.
ಅವರಿಗೆ ಇನ್ಯಾರೋ. ಹಿಂದೆ ಹಿಂದೆ ಹೋದಷ್ಟೂ
ಎಲ್ಲರದೂ ತೊಳೆದ ಕೈಯೇ,
ಕೊನೆಯಲ್ಲಿ, ಹುಲ್ಲಿನ ಮೇಲೆ,
ಮುಖ ಕಡಿದ ತಲೆಯೊಂದು ಬಿದ್ದಿರುವ ತನಕ.

ಮಿಸೆಸ್ ಸ್ಟ್ಯಾನಿಫೋರ್ತ್ ಎಣಿಸಿ ಎಣಿಸಿ ಡಬ್ಬಿಗಿಟ್ಟರು.
"ಹಾಗಾದರೆ ಶುಕ್ರವಾರದ ಮೀನನ್ನು ಇದರಲ್ಲೇ ತಿನ್ನುತ್ತೇನೆ.
ಅರವತ್ತು ವರ್ಷ ಒಳ್ಳೆಯ ದಿನಕ್ಕೆಂದು ಎತ್ತಿಟ್ಟಿದ್ದೆ."
ಬಾಗಿಲ ಬಳಿ ತಿರುಗಿದರು:
"ಆರ್ಥರ್ ಕೆಮ್ಮಿ ಕೆಮ್ಮಿ ಸತ್ತರು. ಬಿಳಿ ಧೂಳು.
ಅದಕ್ಕೆ ಯಾರೂ ಕಾನೂನು ಮಾಡಲಿಲ್ಲ."

ಉತ್ತರ ನನ್ನಲ್ಲಿರಲಿಲ್ಲ. ಸಲಹೆಯಿತ್ತು:
"ಬಿಸಿನೀರಲ್ಲಿ ನೆನೆಹಾಕಬೇಡಿ.
ಹೀಟರಿನ ಹತ್ತಿರ ಇಡಬೇಡಿ. ದಂತ ಬಿರಿಯುತ್ತದೆ."
ನಕ್ಕರು.
"ಬಾಯ್ಲರ್ ಕೆಟ್ಟಿದೆ ಅಂದೆನಲ್ಲ."

ಸಂಜೆ ಟ್ರಾಮಿಳಿದು ಮನೆಗೆ ಬಂದವಳು
ಶೂ ಬಿಚ್ಚುವ ಮೊದಲೇ
ರೇಡಿಯೇಟರಿನ ಮೇಲಿಂದ ಕರಡಿಗೆ ಎತ್ತಿದೆ.
ಮುಚ್ಚಳದ ಅಂಚಿನಲ್ಲಿ ಕೂದಲೆಳೆಯ ಬಿರುಕು,
ಬಿರುಕಿನೊಳಗೆ ಕುಂಕುಮ ಇಳಿದಿತ್ತು.
ಭೂತಗನ್ನಡಿ ಚೀಲದಲ್ಲೇ ಇತ್ತು,
ತೆಗೆಯಲಿಲ್ಲ.
ಅಂಗೈಯಲ್ಲಿ ಹಿಡಿದುಕೊಂಡು
ತಣ್ಣನೆಯ ಜಾಗ ಹುಡುಕುತ್ತ
ಕೋಣೆಯಿಂದ ಕೋಣೆಗೆ ನಡೆದೆ.